ನಾಯಿ ಕೇಳಲು ಹೋದರೆ ಜಾತಕ ಕೇಳಿದರು!

ಪ್ರಶ್ನೆ: ನಮ್ಮದು ಸುಂಟಿಕೊಪ್ಪ ಕಡೆ ಹನ್ನೆರಡು ಎಕರೆ ಕಾಫಿ ತೋಟ. ಮನೆಯಲ್ಲಿ ನಾನು, ಯಜಮಾನರು ಇಬ್ಬರೇ. ಮಗ ಬೆಂಗಳೂರಿನಲ್ಲಿದ್ದಾನೆ. ಸಾಕಿದ ನಾಯಿ ಹೋಗಿ ಆರು ತಿಂಗಳಾಯಿತು. ಕೊಯ್ಲು ಶುರುವಾಗುವ ಮೊದಲು ಒಂದು ಗಂಡು ಮರಿ ತರೋಣ, ದುಡ್ಡು ಕೊಟ್ಟು ಜಾತಿ ನಾಯಿ ತರುವ ಬದಲು ಒಂದು ಅನಾಥ ಜೀವಕ್ಕೆ ಅನ್ನ ಹಾಕೋಣ ಎಂದು ನಾಯಿಗಳ ಶೆಲ್ಟರಿಗೆ ಹೋದೆವು. ಅವರು ನಾಲ್ಕು ಪುಟದ ಫಾರಂ ಕೊಟ್ಟರು. ಹಳೇ ನಾಯಿ ಹೇಗೆ ಸತ್ತಿತು, ಮನೆಯಲ್ಲಿ ಇತ್ತೀಚೆಗೆ ಮರಿ ಸತ್ತಿದೆಯಾ, ನೀವಿಬ್ಬರೂ ಊರಿಗೆ ಹೋದರೆ ಯಾರು ನೋಡ್ಕೊಳ್ತಾರೆ, ಒಂದಾ ಎರಡಾ! ಮಗಳಿಗೆ ಗಂಡು ನೋಡುವಾಗಲೂ ನಾವು ಇಷ್ಟು ಕೇಳಿರಲಿಲ್ಲ. 'ಹಗಲು ಕಟ್ಟಿ ಹಾಕ್ತೇವೆ, ರಾತ್ರಿ ತೋಟಕ್ಕೆ ಬಿಡ್ತೇವೆ' ಎಂದಿದ್ದೇ ತಡ, ಕೊಡಲ್ಲ ಎಂದುಬಿಟ್ಟರು. ಬಸ್ ನಿಲ್ದಾಣದ ತುಂಬ ನಾಯಿ ಬಿದ್ದುಕೊಂಡಿರುವಾಗ, ಕೇಳಿ ಬಂದವರಿಗೆ ಒಂದು ಮರಿ ಕೊಡಲು ಇವರಿಗೇನು ಕಷ್ಟ?

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು, ಸ್ವಲ್ಪ ಬೇಜಾರೂ ಆಯಿತು. ಪಶುವೈದ್ಯನಾಗಿ ಕೊಡಗಿನಲ್ಲಿ ಇಷ್ಟು ವರ್ಷ ಕಳೆದ ನಾನು ಆ ಮೇಜಿನ ಎರಡೂ ಕಡೆ ಕೂತಿದ್ದೇನೆ. ಮರಿ ಕೊಡಿಸಿದ್ದೇನೆ, ಬೇಡ ಎಂದು ವಾಪಸ್ ಕಳಿಸಿದ್ದೇನೆ, ಎರಡರಲ್ಲೂ ತಪ್ಪು ಮಾಡಿದ್ದೇನೆ. ಅವರು ಕೇಳಿದ ಪ್ರಶ್ನೆಗಳು ಸರಿ ಇದ್ದವು. ನೀವು ಕೊಟ್ಟ ಉತ್ತರಕ್ಕೆ ಅವರು ಕಿವಿ ಕೊಡಲಿಲ್ಲ, ತಪ್ಪಾಗಿದ್ದು ಅಲ್ಲಿ. ಪಟ್ಟಣದ ಫ್ಲ್ಯಾಟಿಗೆ ಹೊಲಿದ ಅಂಗಿಯನ್ನು ತೋಟದ ಮನೆಗೆ ತೊಡಿಸಲು ಹೊರಟರೆ ಹೀಗೇ ಆಗುತ್ತದೆ.

ಮೊದಲು ಬಸ್ ನಿಲ್ದಾಣದ ನಾಯಿಗಳ ವಿಷಯ. ಅವು ಶೆಲ್ಟರಿನ ಆಸ್ತಿಯಲ್ಲ, ಹಿಡಿದು ಹಂಚುವಂತಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಬೀದಿ ನಾಯಿಯನ್ನು ಹಿಡಿದು, ಮರಿಯಾಗದಂತೆ ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಡಬೇಕು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಜಾಗಗಳಲ್ಲಿ ಹಿಡಿದ ನಾಯಿಗಳನ್ನು ಮಾತ್ರ ಮತ್ತೆ ಅಲ್ಲಿಗೇ ಬಿಡಬಾರದು, ಶೆಲ್ಟರಿನಲ್ಲಿ ಇಡಬೇಕು ಎಂದಿತು. ಹಾಗಾಗಿ ಜಾಗದ ಒತ್ತಡ ಜಾಸ್ತಿಯೇ. ಆದರೂ ದತ್ತು ಕೊಡಲು ಇಡುವುದು ಬೇರೆಯೇ ಗುಂಪು: ತಾಯಿ ಸತ್ತ ಮರಿಗಳು, ಗಾಡಿಗೆ ಸಿಕ್ಕಿ ಕಾಲು ಹೋದವು, ಯಾರೋ ಸಾಕಿ ಬಿಟ್ಟುಹೋದ ಲ್ಯಾಬ್ರಡಾರ್‌ಗಳು. ಮನುಷ್ಯರ ಜೊತೆ ಬಾಳಬಲ್ಲವು ಅಂತ ನಂಬಿಕೆ ಬಂದವು ಮಾತ್ರ. ನೀವು ಹೋದ ದಿನ ಅಂಥವು ಐದೋ ಆರೋ ಇದ್ದಿರಬಹುದು.

ಮರಿಗಳು ಅಲ್ಲಿಗೆ ಹೇಗೆ ಬರುತ್ತವೆ ಎಂದೂ ಹೇಳಬೇಕು. ನಮ್ಮ ಕಡೆ ಮರಿ ಕೇಳುವವರೆಲ್ಲ ಹೇಳುವುದು ಒಂದೇ ಮಾತು: 'ಡಾಕ್ಟ್ರೇ, ಗಂಡು ಮರಿ ಇದ್ದರೆ ಹೇಳಿ.' ನೀವೂ ಅದನ್ನೇ ಬರೆದಿದ್ದೀರಿ. ಹಾಗಾದರೆ ಹೆಣ್ಣು ಮರಿ ಎಲ್ಲಿಗೆ ಹೋಗಬೇಕು? ರಟ್ಟಿನ ಪೆಟ್ಟಿಗೆಯಲ್ಲಿ ಸಂತೆ ಬಯಲಿಗೆ, ಮೀನು ಮಾರ್ಕೆಟ್ಟಿನ ಹಿಂದಕ್ಕೆ, ಕಾಡಿನ ರಸ್ತೆಯ ತಿರುವಿಗೆ. ಬದುಕಿ ಉಳಿದದ್ದು ವರ್ಷದೊಳಗೆ ಬೆದೆಗೆ ಬರುತ್ತದೆ, 63 ದಿನಕ್ಕೆ ಮತ್ತೊಂದು ಪೆಟ್ಟಿಗೆ ತುಂಬುತ್ತದೆ. ಶೆಲ್ಟರಿನವರಿಗೆ ಆಪರೇಷನ್ ಮೇಲೆ ಅಷ್ಟು ಹಠ ಇರುವುದು ಈ ಪೆಟ್ಟಿಗೆಗಳನ್ನು ಬಿಚ್ಚಿ ಬಿಚ್ಚಿ ಸಾಕಾಗಿ.

ಈಗ ಆ ಜಾತಕದ ಪ್ರಶ್ನೆಗಳಿಗೆ ಬರೋಣ.

'ಮನೆಯಲ್ಲಿ ಇತ್ತೀಚೆಗೆ ಮರಿ ಸತ್ತಿದೆಯಾ?' ಇದು ನಿಮ್ಮ ಮೇಲಿನ ಅನುಮಾನವಲ್ಲ. ಮರಿಗಳಿಗೆ ಪಾರ್ವೊ ಎಂಬ ವಾಂತಿಭೇದಿ ರೋಗ ಬರುತ್ತದೆ. ಅದರ ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ನೆರಳು ತೇವ ಇರುವ ಕಡೆ ವರ್ಷದವರೆಗೂ. ನಮ್ಮ ತೋಟದ ಮನೆಗಳ ಅಂಗಳ ಅಂದರೆ ನೆರಳು, ತೇವ ಎರಡೂ ಅಲ್ವಾ? ಹೋದ ವರ್ಷ ಮರಿ ಸತ್ತ ಮನೆಗೆ ಈ ವರ್ಷ ಲಸಿಕೆ ಮುಗಿಯದ ಮರಿ ತಂದರೆ ಅದೂ ಸಾಯಬಹುದು. ಜನ 'ನಮ್ಮ ಮನೆಗೆ ಮರಿ ಆಗಿಬರಲ್ಲ' ಎನ್ನುತ್ತಾರೆ. ಆಗಿಬರದಿರುವುದು ಮನೆಯಲ್ಲ, ಮಣ್ಣು. ಅಂಥ ಮನೆಗೆ ಲಸಿಕೆ ಪೂರ್ತಿಯಾದ ದೊಡ್ಡ ನಾಯಿ ಕೊಡಬಹುದು, ಮರಿ ಕೊಡಬಾರದು. ಇದನ್ನು ಒಂದು ನಿಮಿಷ ಬಿಡಿಸಿ ಹೇಳಿದ್ದರೆ ನಿಮಗೆ ಸಿಟ್ಟು ಬರುತ್ತಿರಲಿಲ್ಲ.

'ಹಳೇ ನಾಯಿ ಹೇಗೆ ಸತ್ತಿತು?' ಕೊಡಗಿನಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರಗಳು ನನಗೆ ಬಾಯಿಪಾಠ. ಚಿರತೆ ಹಿಡಿಯಿತು, ಜೀಪಿಗೆ ಸಿಕ್ಕಿತು, ಹಾವು ಕಚ್ಚಿತು, ಇಲಿ ಪಾಷಾಣ ತಿಂದಿತು, ಹಂದಿಗೆ ಇಟ್ಟ ಉರುಳಿಗೆ ಬಿತ್ತು. ಇದೇನು ಪಾಸು ಫೇಲಿನ ಪ್ರಶ್ನೆಯಲ್ಲ. ಚಿರತೆ ಹಿಡಿದಿದ್ದರೆ ಮುಂದಿನದ್ದನ್ನು ರಾತ್ರಿ ಎಲ್ಲಿ ಮಲಗಿಸುತ್ತೀರಿ ಎನ್ನುವುದು ಮುಂದಿನ ಮಾತು. ಫಾರಂನಲ್ಲಿ ಆ ಮುಂದಿನ ಮಾತಿಗೆ ಜಾಗ ಇರಲ್ಲ, ಅದೇ ತೊಂದರೆ.

ಇದೇ ವಿಷಯದಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪರಿಚಯದ ಒಂದು ಮನೆಗೆ ಚೆಂದದ ಕಂದು ಮರಿ ಕೊಡಿಸಿದೆ. ಒಳ್ಳೆಯ ಜನ ಅಂತ ನಾನು ಏನೂ ಕೇಳಲಿಲ್ಲ. ಅದು ಎಂಟು ತಿಂಗಳಾದಾಗ ಒಂದು ರಾತ್ರಿ ಜಗಲಿಯ ಕಂಬಕ್ಕೆ ಕಟ್ಟಿದ್ದ ಸರಪಳಿ ಮಾತ್ರ ಉಳಿದಿತ್ತು, ಕೊರಳಪಟ್ಟಿಯ ಸಮೇತ. ಅವರು ಬೆಳಿಗ್ಗೆ ಫೋನ್ ಮಾಡಿ ಅತ್ತರು. ಓಡಿಹೋಗಲೂ ಆಗದಂತೆ ಕಟ್ಟಿದ ನಾಯಿ ಎಂದರೆ ಚಿರತೆಗೆ ಬಡಿಸಿಟ್ಟ ಎಲೆ. ಆ ಮನೆಯವರ ತಪ್ಪಲ್ಲ ಅದು. ರಾತ್ರಿ ಎಲ್ಲಿ ಕಟ್ಟುತ್ತೀರಿ ಎಂದು ಕೇಳಬೇಕಾಗಿದ್ದವನು ನಾನು.

ನಿಮಗೆ 'ಇಲ್ಲ' ಎಂದಿದ್ದು ಹಗಲು ಕಟ್ಟಿ ರಾತ್ರಿ ಬಿಡುವ ಮಾತಿಗೆ. ತೋಟದ ಮನೆಗಳಲ್ಲಿ ಇದು ಅಜ್ಜನ ಕಾಲದ ಪದ್ಧತಿ, ನನ್ನ ಮಾವನ ಮನೆಯಲ್ಲೂ ಹಾಗೇ ಇತ್ತು. ಹಗಲಿಡೀ ಮೂರಡಿ ಸರಪಳಿಯಲ್ಲಿ ಕೂತ ನಾಯಿಗೆ ತಲೆ ಕೆಡುತ್ತದೆ. ಅಪರಿಚಿತರು ಬಂದರೆ ಬೊಗಳಿ ಎಚ್ಚರಿಸುವ ಬದಲು ಹಾರಿ ಕಚ್ಚುವುದನ್ನು ಕಲಿಯುತ್ತದೆ. ಮೊದಲು ಕಚ್ಚಿಸಿಕೊಳ್ಳುವುದು ಲೈನ್ ಮನೆಯ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯ ಮಕ್ಕಳು. ರಾತ್ರಿ ಬಿಟ್ಟ ನಾಯಿ ತೋಟದ ಗಡಿ ಕಾಯುತ್ತದೆ ಎಂದುಕೊಂಡರೆ ಅದೂ ಸುಳ್ಳು. ಹಂದಿ, ಮೊಲದ ವಾಸನೆ ಹಿಡಿದು ಮೂರನೇ ತೋಟದಲ್ಲಿರುತ್ತದೆ. ಇನ್ನು ಆನೆ. ನಾಯಿ ಆನೆಗೆ ಬೊಗಳುತ್ತದೆ, ಆನೆ ತಿರುಗಿ ನಿಂತ ಕೂಡಲೇ ತನ್ನ ಯಜಮಾನನ ಹತ್ತಿರ ಓಡಿ ಬರುತ್ತದೆ, ಹಿಂದೆ ಆನೆಯೂ ಬರುತ್ತದೆ. ಆನೆ ಕಾಟ ಕಂಡ ನಮ್ಮ ಸಿದ್ದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪದ್ಧತಿಯನ್ನು ತಿರುಗಿಸಿಬಿಡಿ. ಹಗಲು ಬಿಡಿ, ರಾತ್ರಿ ಗೂಡಿಗೆ ಹಾಕಿ. ಮನೆಗೆ ತಾಗಿದಂತೆ ಗೂಡು, ನಾಲ್ಕೂ ಕಡೆ ಗಟ್ಟಿ ವೆಲ್ಡ್ ಮೆಶ್, ಮೇಲೂ ಮೆಶ್, ಅದರ ಮೇಲೆ ಶೀಟು. ಮೇಲಿನದ್ದನ್ನು ಮರೆಯಬೇಡಿ, ಚಿರತೆ ಹತ್ತಿ ಇಳಿಯುತ್ತದೆ. ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಹಲಗೆ ಹಾಸಿ. ಇಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಯಿ ನೀರಿನಲ್ಲೇ ಮಲಗಬೇಕು. ಕಾಯುವ ನಾಯಿಯ ಆಯುಧ ಹಲ್ಲಲ್ಲ, ಗಂಟಲು. ಗೂಡಿನೊಳಗಿಂದ ಬೊಗಳಿದರೂ ಕಣದಲ್ಲಿ ಒಣಗಲು ಹಾಕಿದ ಕಾಫಿಗೆ ಕೈ ಹಾಕುವವನಿಗೆ ಕೇಳಿಸುತ್ತದೆ, ನಿಮಗೂ ಕೇಳಿಸುತ್ತದೆ. ಹಗಲು ಬಿಡಲು ಆಗದ ದಿನಗಳಲ್ಲಿ, ಅಂದರೆ ಕೊಯ್ಲಿನ ಜನ ತುಂಬಿರುವಾಗ, ಎರಡು ಮರದ ನಡುವೆ ಉದ್ದ ತಂತಿ ಎಳೆದು ಅದಕ್ಕೆ ಬಳೆ ಹಾಕಿ ಹಗ್ಗ ಕಟ್ಟಿ. ಅದು ಆಚೀಚೆ ಓಡಾಡಿಕೊಂಡಿರುತ್ತದೆ.

ಈ ಮಾತನ್ನು ನಿಮಗೆ ಶೆಲ್ಟರಿನವರು ಹೇಳಬೇಕಿತ್ತು. 'ಕೊಡಲ್ಲ' ಎಂದು ಬಾಗಿಲು ಹಾಕುವ ಬದಲು 'ಗೂಡು ಕಟ್ಟಿ ಫೋಟೋ ಕಳಿಸಿ, ಆಮೇಲೆ ಬನ್ನಿ' ಎನ್ನಬಹುದಿತ್ತು. ಹೀಗೆ ಬರಿಗೈಯಲ್ಲಿ ವಾಪಸ್ ಕಳಿಸಿದ ಮೇಲೆ ಎಷ್ಟು ಜನ ಎಲ್ಲೋ ಒಂದು ಕಡೆ ದುಡ್ಡು ಕೊಟ್ಟು ಆರು ವಾರದ ಮರಿ ತಂದು ಅದೇ ಕಂಬಕ್ಕೆ ಕಟ್ಟುತ್ತಾರೋ ಅವರಿಗೆ ಗೊತ್ತಾಗುವುದೇ ಇಲ್ಲ. ಮಾರುವ ಮರಿಗೆ ಎಂಟು ವಾರ ತುಂಬಿರಬೇಕು ಎಂದು 2017ರ ನಿಯಮವೇ ಹೇಳುತ್ತದೆ, ಕೇಳುವವರು ಯಾರು?

ನನ್ನ ಇನ್ನೊಂದು ತಪ್ಪೂ ಇಲ್ಲಿಗೇ ಸೇರಿದ್ದು. ಲೈನ್ ಮನೆಯಲ್ಲಿದ್ದ ಒಬ್ಬರು ಕುಂಟು ಹೆಣ್ಣು ನಾಯಿಯೊಂದನ್ನು ಕೇಳಿದರು. ಸ್ವಂತ ಮನೆ ಇಲ್ಲ, ನಾಳೆ ಬೇರೆ ತೋಟಕ್ಕೆ ಹೋಗುತ್ತಾರೆ ಅಂತ ನಾನೇ ಬೇಡ ಅಂದೆ. ವರ್ಷದ ಮೇಲೆ ಆ ಲೈನಿಗೆ ರೇಬೀಸ್ ಲಸಿಕೆ ಹಾಕಲು ಹೋದರೆ, ರಸ್ತೆಯಿಂದ ಎತ್ತಿಕೊಂಡು ಬಂದ ಬೇರೆ ಎರಡು ನಾಯಿ ಅವರ ಬಾಗಿಲಲ್ಲಿ ಗುಂಡುಗುಂಡಾಗಿ ಮಲಗಿದ್ದವು. ಮೈಮೇಲೆ ಒಂದು ಉಣ್ಣಿ ಇಲ್ಲ. ನಾನು ಬೇಡ ಎಂದಿದ್ದ ಕುಂಟು ನಾಯಿ ಇನ್ನೂ ಶೆಲ್ಟರಿನಲ್ಲೇ ಇತ್ತು. ಸ್ವಂತ ಮನೆ ಇದೆಯಾ ಎನ್ನುವುದು ಕೆಟ್ಟ ಪ್ರಶ್ನೆ. ಮನೆ ಬದಲಾದರೆ ನಾಯಿ ಎಲ್ಲಿಗೆ ಎನ್ನುವುದು ಒಳ್ಳೆಯ ಪ್ರಶ್ನೆ.

ಅದಕ್ಕೇ ಆ ನಾಲ್ಕು ಪುಟದಲ್ಲಿ ಒಂದೇ ಒಂದು ಸಾಲು ಉಳಿಸಿಕೊಳ್ಳಿ ಎಂದರೆ ನಾನು ವಾಪಸಾತಿಯ ಸಾಲನ್ನು ಉಳಿಸಿಕೊಳ್ಳುತ್ತೇನೆ: ಸಾಕಲು ಆಗದಿದ್ದರೆ ನಾಯಿಯನ್ನು ಬೀದಿಗೆ ಬಿಡಬಾರದು, ಬೇರೆಯವರಿಗೆ ದಾಟಿಸಬಾರದು, ನಮಗೇ ತಂದುಕೊಡಬೇಕು. ಮಂದಿ ಇದನ್ನು ಅವಮಾನ ಎಂದುಕೊಳ್ಳುತ್ತಾರೆ. ವಾಪಸ್ ಕೊಟ್ಟರೆ ಬೈತಾರೆ ಅಂತ ಹೆದರಿ ರಾತ್ರಿ ಎಲ್ಲೋ ಬಿಟ್ಟು ಬರುತ್ತಾರೆ. ಬೈಯುವ ಶೆಲ್ಟರುಗಳೂ ಇವೆ, ಸುಳ್ಳಲ್ಲ. ಬೈಯದೆ ವಾಪಸ್ ತೆಗೆದುಕೊಳ್ಳುವುದು ಶೆಲ್ಟರಿನ ಅರ್ಧ ಕೆಲಸ.

ಇಂಥ ಕಾಗದ ಬೇಕಾಗಿರುವುದಕ್ಕೆ ಕಾನೂನೂ ಒಂದು ಕಾರಣ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಎಲ್ಲವೂ ಇದೆ. ತೀರಾ ಗಿಡ್ಡ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು ತಪ್ಪು, ಸದಾ ಕಟ್ಟಿದ ನಾಯಿಯನ್ನು ಓಡಾಡಿಸದಿರುವುದು ತಪ್ಪು, ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟುಹೋಗುವುದು ತಪ್ಪು. ಮೊದಲ ಸಲ ಸಿಕ್ಕಿಬಿದ್ದರೆ ದಂಡ ಎಷ್ಟು ಗೊತ್ತಾ? 10ರಿಂದ 50 ರೂಪಾಯಿ. ಮಡಿಕೇರಿಯಲ್ಲಿ ಎರಡು ಕಾಫಿಗೆ ಸಾಲದು. ಕಾನೂನಿನ ಕೈ ಇಷ್ಟು ಸಣ್ಣದಿರುವಾಗ ಶೆಲ್ಟರಿನವರು ಕೊಡುವ ಮೊದಲೇ ಬಿಗಿ ಮಾಡುತ್ತಾರೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ ಅಂತಾರಲ್ಲ, ಕೊಟ್ಟ ಮೇಲೆ ಅವರಿಗೆ ಉಳಿಯುವುದು ಫೋನ್ ಮಾಡಿ ವಿಚಾರಿಸುವ ಹಕ್ಕು ಮಾತ್ರ.

'ನೀವಿಬ್ಬರೂ ಊರಿಗೆ ಹೋದರೆ?' ಇದು ನಿಮ್ಮಂಥ ಮನೆಗಳಿಗೆ ನಿಜವಾಗಿ ಕೇಳಬೇಕಾದದ್ದು. ಮಕ್ಕಳು ಬೆಂಗಳೂರಿನಲ್ಲಿ, ಮಳೆಗಾಲದಲ್ಲಿ ಅಪ್ಪ ಅಮ್ಮ ಒಂದು ತಿಂಗಳು ಅಲ್ಲಿ. ತೋಟದ ಲೆಕ್ಕ ಬರೆಯುವ ರೈಟರ್ ಅನ್ನ ಹಾಕ್ತಾರೆ ಎಂದರೆ ಅವರನ್ನೇ ಒಮ್ಮೆ ಶೆಲ್ಟರಿಗೆ ಕರೆದುಕೊಂಡು ಹೋಗಿ, ನಾಯಿಗೆ ಪರಿಚಯ ಮಾಡಿಸಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು, ಜೋಡುಪಾಲ ಕಡೆಯವರು ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಕ್ಕೆ ಬಂದರು. ನಾಯಿಗಳು ಹಿಂದೆ ಉಳಿದವು. ಅವತ್ತು ಯಾರನ್ನೂ ದೂರುವಂತಿರಲಿಲ್ಲ. ಅಂಥ ಹೊತ್ತಿನಲ್ಲಿ ಒಂದು ಮಾತು ನೆನಪಿರಲಿ: ಜೊತೆಗೆ ಒಯ್ಯಲು ಆಗದಿದ್ದರೆ ಸರಪಳಿಯನ್ನಾದರೂ ಬಿಚ್ಚಿ, ಗೂಡಿನ ಬಾಗಿಲು ತೆರೆದಿಟ್ಟು ಹೋಗಿ.

ಆಪರೇಷನ್ ಬಗ್ಗೆ ನೀವು ಏನೂ ಬರೆದಿಲ್ಲ. ಆದರೆ ಅವರು ಕೇಳೇ ಕೇಳುತ್ತಾರೆ, ನಿಮ್ಮ ಯಜಮಾನರು ಬೇಡ ಎನ್ನಲೂಬಹುದು. 'ಆಪರೇಷನ್ ಮಾಡಿದ ನಾಯಿ ಬೊಗಳಲ್ಲ, ಮೆತ್ತಗಾಗುತ್ತೆ' ಎಂಬ ಮಾತು ನಮ್ಮಲ್ಲಿ ಬೇರು ಬಿಟ್ಟಿದೆ. ಬೊಗಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕಡಿಮೆಯಾಗುವುದು ಬೆದೆಗೆ ಬಂದ ಹೆಣ್ಣು ನಾಯಿಯ ಹಿಂದೆ ನಾಲ್ಕು ದಿನ ಊರು ಸುತ್ತುವ ಚಾಳಿ. ಸುತ್ತದ ನಾಯಿ ಮನೆಯಲ್ಲಿರುತ್ತದೆ, ಮನೆಯಲ್ಲಿರುವ ನಾಯಿ ತಾನೇ ಕಾಯುವುದು? ಹೆಣ್ಣು ನಾಯಿಗೆ ಇನ್ನೂ ಲಾಭ ಜಾಸ್ತಿ. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಮೊಲೆಯ ಗೆಡ್ಡೆ ಬರುವ ಸಾಧ್ಯತೆ ತುಂಬ ಇಳಿಯುತ್ತದೆ, ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವ ಭಯ ಇರಲ್ಲ.

ಇಷ್ಟೆಲ್ಲ ನಿಮ್ಮನ್ನು ಕೇಳಿದರಲ್ಲ, ನೀವೂ ಅವರನ್ನು ಕೇಳಬೇಕು. ನಾಯಿ ಬಂದು ಎಷ್ಟು ದಿನವಾಯಿತು? ಹೊಸದಾಗಿ ಬಂದದ್ದನ್ನು ಕನಿಷ್ಠ ಎರಡು ವಾರ ಬೇರೆ ಇಡಬೇಕು, ಡಿಸ್ಟೆಂಪರ್ ಎಂಬ ವೈರಸ್ ರೋಗ ಒಳಗಿದ್ದರೆ ಆ ಹೊತ್ತಿಗೆ ಸಾಮಾನ್ಯವಾಗಿ ಹೊರಗೆ ಕಾಣುತ್ತದೆ. ನಿನ್ನೆ ಬಂದ ಮರಿಯನ್ನು ಇವತ್ತು ಕೊಡುವ ಶೆಲ್ಟರಿನಿಂದ ಏನನ್ನೂ ತರಬೇಡಿ. ಲಸಿಕೆಯ ಕಾರ್ಡು ಕೇಳಿ. ಮರಿಗೆ ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಹದಿನಾರು ವಾರದವರೆಗೆ ಮೂರು ನಾಲ್ಕು ವಾರಕ್ಕೊಂದು, ರೇಬೀಸ್ ಮೂರು ತಿಂಗಳಿಗೆ, ಆಮೇಲೆ ಪ್ರತಿ ವರ್ಷ. ನಮ್ಮ ಮಳೆಗೆ ಇಲಿಜ್ವರದ ಲಸಿಕೆಯೂ ಅದರಲ್ಲಿ ಇದೆಯಾ ನೋಡಿ. ಇಲಿಯ ಮೂತ್ರ ಸೇರಿದ ನೀರಿನಿಂದ ನಾಯಿಗೆ ಬರುತ್ತದೆ, ನಾಯಿಯಿಂದ ನಿಮಗೂ ಬರಬಹುದು. ಗೂಡುಗಳನ್ನು ತೋರಿಸಿ ಎನ್ನಿ. ತೋರಿಸಲು ಹಿಂಜರಿದರೆ ಏನೋ ಇದೆ ಎಂದೇ ಅರ್ಥ. ಕರುಣೆಯಿಂದ ಶುರು ಮಾಡಿ, ಬೇಡ ಅನ್ನಲಾಗದೆ ಹತ್ತರ ಜಾಗದಲ್ಲಿ ಐವತ್ತು ತುಂಬಿಕೊಂಡವರನ್ನು ನೋಡಿದ್ದೇನೆ. ಅಲ್ಲಿ ನಾಯಿಗಳು ರೋಗದಿಂದಲೂ ಸಾಯುತ್ತವೆ, ಜಗಳದಿಂದಲೂ ಸಾಯುತ್ತವೆ.

ಲಸಿಕೆ, ಆಪರೇಷನ್ ಖರ್ಚಿಗೆ ಇಷ್ಟು ಎಂದು ದುಡ್ಡು ಕೇಳಿದರೆ ಅದು ಮಾರಾಟವಲ್ಲ, ಕೊಡಿ, ರಸೀದಿ ತೆಗೆದುಕೊಳ್ಳಿ. 'ನಾಯಿ ಪುಕ್ಕಟೆ, ಸಾಗಿಸುವ ಖರ್ಚು ಮಾತ್ರ ಮೊದಲೇ ಹಾಕಿ' ಎಂದು ಮೊಬೈಲಿನಲ್ಲಿ ಬರುವವರಿಗೆ ಮಾತ್ರ ಒಂದು ಪೈಸೆಯೂ ಬೇಡ.

ಈಗ ನಿಮ್ಮ ಮನೆಗೆ ಎಂಥ ನಾಯಿ? ನನ್ನ ಅಭಿಪ್ರಾಯ ಕೇಳಿದರೆ ಮರಿ ಬೇಡ, ಗಂಡೂ ಬೇಡ. ಇನ್ನು ಒಂದು ತಿಂಗಳಲ್ಲಿ ಕೊಯ್ಲು. ಮರಿ ಬೊಗಳುವ ನಾಯಿಯಾಗಲು ಹತ್ತಿರ ಹತ್ತಿರ ವರ್ಷ ಬೇಕು, ಅಷ್ಟರಲ್ಲಿ ನಿಮ್ಮ ಚಪ್ಪಲಿಯೆಲ್ಲ ಹೋಗಿರುತ್ತವೆ. ಒಂದೂವರೆ, ಎರಡು ವರ್ಷದ, ಆಪರೇಷನ್ ಆದ ಹೆಣ್ಣು ನಾಯಿ ಕೇಳಿ. ಅದರ ಸ್ವಭಾವ ಶೆಲ್ಟರಿನವರಿಗೆ ಗೊತ್ತಿರುತ್ತದೆ: ಕೋಳಿ ಹಿಡಿಯುತ್ತಾ, ಮಕ್ಕಳನ್ನು ಕಂಡರೆ ಹೇಗೆ, ಸಿಡಿಲಿಗೆ ಹೆದರುತ್ತಾ. ಮರಿಯ ವಿಷಯದಲ್ಲಿ ಇದನ್ನೆಲ್ಲ ಯಾರೂ ಹೇಳಲಾರರು. ಕಂತ್ರಿ ನಾಯಿ ಎಂದು ಮೂಗು ಮುರಿಯುವವರು ಬಂದು ಹೇಳಿದರೆ ಕೇಳಬೇಡಿ. ನಾಪೋಕ್ಲು ಕಡೆ ಮಕ್ಕಿ ಶಾಸ್ತಾವಿಗೆ ಹರಕೆ ಒಪ್ಪಿಸುವುದು ಮಣ್ಣಿನ ನಾಯಿ. ಯಾವ ಜಾತಿಯ ನಾಯಿ ಅಂತ ಅಲ್ಲಿ ಯಾರೂ ಕೇಳಿದ್ದಿಲ್ಲ.

ಬಂದ ಹೊಸತರಲ್ಲಿ ಅದು ತಿನ್ನದೆ ಮೂಲೆ ಹಿಡಿದರೆ ಗಾಬರಿ ಬೇಡ. ಶೆಲ್ಟರಿನವರು ಮೂರರ ಲೆಕ್ಕ ಹೇಳುತ್ತಾರೆ: ಮೂರು ದಿನ ಹೆದರಿಕೆ, ಮೂರು ವಾರ ಮನೆಯ ಪದ್ಧತಿ ಕಲಿಯಲು, ಮೂರು ತಿಂಗಳು ತನ್ನದೇ ಮನೆ ಎನಿಸಲು. ಆ ಮೂರು ವಾರ ಮನೆಯಾಚೆ ಹಗ್ಗವಿಲ್ಲದೆ ಬಿಡಬೇಡಿ, ತೋಟದಲ್ಲಿ ದಿಕ್ಕು ತಪ್ಪಿದರೆ ಸಿಗುವುದು ಕಷ್ಟ. ತೋಡಿನ ನೀರು ಕುಡಿದು ಬಂದು ಸೀನುತ್ತಾ ಮೂಗಿನಲ್ಲಿ ರಕ್ತ ಬಂದರೆ ಒಳಗೆ ಜಿಗಣೆ ಇರಬಹುದು. ನೀವೇ ಕಿತ್ತು ಎಳೆಯಲು ಹೋಗದೆ ಪಶು ಆಸ್ಪತ್ರೆಗೆ ತನ್ನಿ.

ಗೂಡು ಕಟ್ಟಿಸಿ, ಫೋಟೋ ಇಟ್ಟುಕೊಂಡು, ರೈಟರನ್ನೂ ಕರೆದುಕೊಂಡು ಅದೇ ಶೆಲ್ಟರಿಗೆ ಮತ್ತೊಮ್ಮೆ ಹೋಗಿ. ಮನೆ ನೋಡಲು ಬರ್ತೇವೆ ಅಂದರೆ ಬನ್ನಿ ಎನ್ನಿ, ಒಂದು ಲೋಟ ಕಾಫಿ ಕೊಟ್ಟು ಚಿರತೆ ಓಡಾಡುವ ದಾರಿಯನ್ನೂ ತೋರಿಸಿ. ಅವರೂ ಕಲಿಯಲಿ. ಆದರೆ ನಾಯಿಯನ್ನು ಮನೆಗೆ ತರುವುದು ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದ ಮೇಲೆ ಇಟ್ಟುಕೊಳ್ಳಿ. ಕದಿರು ತೆಗೆಯುವ ಹೊತ್ತಿಗೆ ಸುತ್ತಲಿನ ಗದ್ದೆಗಳಲ್ಲಿ ಕೋವಿಯ ಸದ್ದು, ಪಟಾಕಿ. ಹೊಸ ನಾಯಿ ಹಗ್ಗ ಕಿತ್ತುಕೊಂಡು ಓಡಿದರೆ ಆ ರಾತ್ರಿ ಹುಡುಕಲು ಯಾರೂ ಸಿಗುವುದಿಲ್ಲ, ಎಲ್ಲರೂ ಹಬ್ಬದಲ್ಲಿರುತ್ತಾರೆ.